ಹೆಡ್‌ಲೈಟ್ ಬೆಳಕಿಗೆ ಕೆಂಡದಂತೆ ಹೊಳೆಯೋ ಆ ಕಣ್ಣು ಯಾರದು? ರಸ್ತೆ ಮೇಲೆ ಕೂರುವ ನತ್ತಿಂಗದ ಬಗ್ಗೆ ನಿಮಗೆಷ್ಟು ಗೊತ್ತು?

ಹಿರಿಯೂರು: ರಾತ್ರಿ ಎಂಟೂವರೆ, ಒಂಬತ್ತಕ್ಕೆ ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ ಬೈಕ್‌ನಲ್ಲಿ ಹಳ್ಳಿಗೆ ಹೊರಡುವವರಿಗೆ ಇದು ಹೊಸದೇನಲ್ಲ. ಊರಿನ ದೀಪ ಹಿಂದೆ ಬಿದ್ದು ಎರಡೂ ಕಡೆ ಜಾಲಿ ಗಿಡ ಶುರುವಾಗುತ್ತಿದ್ದಂತೆ, ರಸ್ತೆ ಮಧ್ಯೆ ಒಂದು ಕೆಂಪು ಚುಕ್ಕಿ ಹೊಳೆಯುತ್ತದೆ. ಯಾರೋ ಬೀಡಿ ಸೇದಿ ಎಸೆದಿರಬೇಕು ಅಂದುಕೊಂಡು ಹತ್ತಿರ ಹೋದರೆ, ಆ ಕೆಂಡವೇ ಎದ್ದು ಹಾರುತ್ತದೆ! ರೆಕ್ಕೆಯಲ್ಲಿ ಬಿಳಿ ಮಚ್ಚೆ ಮಿಂಚಿದಂತಾಗಿ, ಒಂಚೂರೂ ಸದ್ದಿಲ್ಲದೆ ಕತ್ತಲಲ್ಲಿ ಮಾಯ.

ಕೆಲವರು ಇದನ್ನು ಗೂಬೆ ಅಂತಾರೆ. ಕೆಲವರು ಬಾವಲಿ ಅಂತಾರೆ. ಇನ್ನು ಕೆಲವರು 'ಅದು ಏನೋ ಬೇರೆ, ಅದರ ವಿಷಯ ರಾತ್ರಿ ಹೊತ್ತು ಬೇಡ' ಅಂತ ಮಾತು ಮುಗಿಸ್ತಾರೆ. ನಿಜ ಹೇಳಬೇಕು ಅಂದರೆ ಅದು ಗೂಬೆಯೂ ಅಲ್ಲ, ಬಾವಲಿಯೂ ಅಲ್ಲ, ದೆವ್ವವಂತೂ ಅಲ್ಲವೇ ಅಲ್ಲ. ಅದೊಂದು ಬಡಪಾಯಿ ಹಕ್ಕಿ. ಹೆಸರು ನತ್ತಿಂಗ. ಇಂಗ್ಲಿಷ್‌ನಲ್ಲಿ ನೈಟ್‌ಜಾರ್. ಕೆಲವು ಕಡೆ ಗೂಬೆಯನ್ನೂ ನತ್ತಿಂಗ ಅನ್ನುವುದರಿಂದ ಈ ಗೊಂದಲ ಇನ್ನೂ ಜಾಸ್ತಿಯಾಗಿದೆ.

ಈ ಹಕ್ಕಿ ಬದುಕುವುದೇ ಯಾರ ಕಣ್ಣಿಗೂ ಬೀಳದೆ. ಹಾವು, ಉಡ, ಮುಂಗುಸಿ, ನರಿ, ಹದ್ದು ಎಲ್ಲರಿಂದಲೂ ಅದನ್ನು ಕಾಪಾಡಿದ್ದು ಒಂದೇ ಒಂದು ಉಪಾಯ: ಅಲುಗಾಡದೆ ಕೂರುವುದು. ಅದೇ ಉಪಾಯ ಈಗ ನಮ್ಮ ರಸ್ತೆಗಳಲ್ಲಿ ಅದರ ಪ್ರಾಣ ತೆಗೆಯುತ್ತಿದೆ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳಬೇಕು.

ಕೋಳಿ ಮೊಟ್ಟೆಗಿಂತ ಹಗುರ

ನಮ್ಮ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಕಾಣುವುದು ಭಾರತೀಯ ನತ್ತಿಂಗ. ಉದ್ದ ಸುಮಾರು 24 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೊರವಂಕದಷ್ಟು. ತೂಕ ಮಾತ್ರ 40ರಿಂದ 46 ಗ್ರಾಂ. ಒಂದು ಕೋಳಿ ಮೊಟ್ಟೆಯೇ 50 ಗ್ರಾಂ ದಾಟುತ್ತದೆ. ನೋಡೋಕೆ ದಪ್ಪಗೆ ಕಂಡರೂ ಅದರಲ್ಲಿ ಬಹುಪಾಲು ಬರೀ ಪುಕ್ಕ.

ಗೂಬೆಗೂ ಇದಕ್ಕೂ ವ್ಯತ್ಯಾಸ ಸುಲಭ. ಗೂಬೆಗೆ ಕೊಕ್ಕೆಯಂಥ ಕೊಕ್ಕು, ಇಲಿ ಹಿಡಿಯೋ ಬಲವಾದ ಉಗುರು ಇರುತ್ತೆ. ನತ್ತಿಂಗಕ್ಕೆ ಎರಡೂ ಇಲ್ಲ. ಕೊಕ್ಕು ಚಿಕ್ಕದು, ಕಾಲು ಇನ್ನೂ ಚಿಕ್ಕದು. ಸರಿಯಾಗಿ ನಾಲ್ಕು ಹೆಜ್ಜೆ ನಡೆಯೋದಕ್ಕೂ ಕಷ್ಟ. ಆದರೆ ಬಾಯಿ ತೆರೆದರೆ ನೋಡಬೇಕು, ಕಣ್ಣಿನ ಕೆಳಗಿನವರೆಗೂ ಸೀಳಿದಂತೆ ಅಗಲವಾಗಿ ತೆರೆದುಕೊಳ್ಳುತ್ತದೆ. ಬಾಯಿಯ ಸುತ್ತ ಮೀಸೆಯಂಥ ಗಟ್ಟಿ ಕೂದಲು. ಹಾರುತ್ತಾ ಹಾರುತ್ತಾ ಗಾಳಿಯಲ್ಲೇ ಹುಳ ನುಂಗುವ ಹಕ್ಕಿಗೆ ಬೇಕಾದ್ದು ಇದೇ ತಾನೆ.

ಇನ್ನೊಂದು ವಿಚಿತ್ರ ಇದೆ. ನತ್ತಿಂಗದ ನಡುಬೆರಳಿನ ಉಗುರಿನ ಅಂಚು ಬಾಚಣಿಗೆ ಹಲ್ಲಿನಂತೆ ಇರುತ್ತದೆ. ಪುಕ್ಕ ಚೊಕ್ಕ ಮಾಡಿಕೊಳ್ಳಲು ಇದು ಬಳಕೆಯಾಗುತ್ತದೆ ಎಂಬುದು ಪಕ್ಷಿ ತಜ್ಞರ ಅಭಿಪ್ರಾಯ. ಅಂದರೆ ಬಾಚಣಿಗೆಯನ್ನು ಕಾಲಲ್ಲೇ ಇಟ್ಟುಕೊಂಡು ಓಡಾಡೋ ಹಕ್ಕಿ ಇದು.

ಕಣ್ಣು ಹೊಳೆಯೋದು ಯಾಕೆ?

ಹಸು, ಬೆಕ್ಕು, ನಾಯಿಯ ಕಣ್ಣಿಗೆ ರಾತ್ರಿ ಟಾರ್ಚ್ ಬಿಟ್ಟರೆ ಹೊಳೆಯುತ್ತೆ ಅಲ್ವಾ? ನತ್ತಿಂಗದ್ದೂ ಅದೇ ಲೆಕ್ಕ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತೆ ಕೆಲಸ ಮಾಡುವ ಒಂದು ಪದರ ಇರುತ್ತದೆ. ಒಳಗೆ ಬಂದ ಬೆಳಕನ್ನು ಅದು ಮತ್ತೆ ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಅದೇ ಬೆಳಕನ್ನು ಕಣ್ಣು ಎರಡು ಸಲ ಬಳಸಿಕೊಳ್ಳಬಹುದು. ನಕ್ಷತ್ರದ ಬೆಳಕಲ್ಲೂ ಹುಳ ಕಾಣಬೇಕಾದರೆ ಇಂಥ ಕಣ್ಣೇ ಬೇಕು. ಹೆಡ್‌ಲೈಟ್ ಬೆಳಕು ಬಿದ್ದಾಗ ಆ ಕನ್ನಡಿಯಿಂದ ವಾಪಸ್ ಬರುವ ಬೆಳಕೇ ನಮಗೆ ಕೆಂಡದಂತೆ ಕಾಣುವುದು.

ಹಗಲಲ್ಲಿ ಇದೇ ದೊಡ್ಡ ಕಣ್ಣು ಹಕ್ಕಿಯನ್ನು ಹಿಡಿದುಕೊಡಬಹುದು. ಅದಕ್ಕೇ ಹಗಲು ಹೊತ್ತು ಕಣ್ಣನ್ನು ಸಣ್ಣ ಗೆರೆಯಷ್ಟು ಮಾತ್ರ ತೆರೆದಿಟ್ಟುಕೊಂಡು ಕೂರುತ್ತದೆ. ನಿದ್ದೆ ಮಾಡ್ತಾ ಇದೆ ಅಂತ ನಾವು ಅಂದುಕೊಂಡರೂ, ಆ ಗೆರೆಯಿಂದಲೇ ಅದು ನಮ್ಮನ್ನು ನೋಡುತ್ತಿರುತ್ತದೆ.

ಗೋಲಿ ಬಿದ್ದಂತೆ ಕೂಗು

ನತ್ತಿಂಗವನ್ನು ನೋಡುವುದಕ್ಕಿಂತ ಕೇಳುವುದು ಸುಲಭ. ಒಂದು ಗೋಲಿಯನ್ನು ಸಿಮೆಂಟ್ ನೆಲದ ಮೇಲೆ ಬಿಡಿ. ಮೊದಲು ಬಿಡಿಬಿಡಿಯಾಗಿ ಟಕ್, ಟಕ್ ಅನ್ನುತ್ತೆ, ಆಮೇಲೆ ಬೇಗ ಬೇಗ ಪುಟಿದು ಟರ್ರ್ ಅಂತ ನಿಲ್ಲುತ್ತೆ. ಭಾರತೀಯ ನತ್ತಿಂಗದ ಕೂಗು ಹೆಚ್ಚುಕಡಿಮೆ ಹಾಗೇ: 'ಚಕ್, ಚಕ್, ಚಕ್-ಚಕ್-ಚಕ್-ರ್ರ್ರ್'. ಮುಸ್ಸಂಜೆಯಲ್ಲಿ ಮತ್ತು ಬೆಳಗಿನ ಜಾವಕ್ಕೆ ಮುಂಚೆ ಹೊಲದ ಕಡೆಯಿಂದ ಈ ಸದ್ದು ಬರುತ್ತೆ. ಹೊಲಕ್ಕೆ ನೀರು ಕಟ್ಟಲು ರಾತ್ರಿ ಕರೆಂಟಿಗೆ ಕಾಯುವ ರೈತರೆಲ್ಲ ಇದನ್ನು ಕೇಳಿರುತ್ತಾರೆ. ಎಷ್ಟೋ ಜನ ಇದನ್ನು ಯಾವುದೋ ಹುಳದ ಸದ್ದು ಅಂತಲೇ ಅಂದುಕೊಂಡಿರುತ್ತಾರೆ.

ಕರ್ನಾಟಕದಲ್ಲಿ ಇದರ ಬಂಧುಗಳೂ ಇದ್ದಾರೆ. ಕಾಡು ನತ್ತಿಂಗ ಮರ ಇರುವ ಗುಡ್ಡಗಾಡು ಇಷ್ಟಪಡುತ್ತದೆ. ಜೆರ್ಡಾನ್ ನತ್ತಿಂಗ ಅಂತ ಇನ್ನೊಂದಿದೆ. ಕಲ್ಲುನೆಲ, ಬಯಲಲ್ಲಿ ಇರುವ ಸವನ್ನಾ ನತ್ತಿಂಗ ಗೋಲಿ ಸದ್ದು ಮಾಡಲ್ಲ, ಹಾರುತ್ತಾ 'ಚ್ವೀಪ್' ಅಂತ ಒಂದೇ ಸ್ವರ ಬಿಡುತ್ತದೆ. ಪುಕ್ಕದ ಬಣ್ಣ ನೋಡಿ ಇವುಗಳಲ್ಲಿ ಯಾವುದು ಯಾವುದು ಅಂತ ಹೇಳುವುದು ಪಳಗಿದವರಿಗೂ ತಲೆನೋವು. ಕೂಗು ಕೇಳಿದರೆ ಮಾತ್ರ ತಕ್ಷಣ ಗೊತ್ತಾಗಿಬಿಡುತ್ತೆ.

ಈ ಕೂಗು ಕೇಳಿದರೆ ಕೆಡುಕು ಅನ್ನೋರು ನಮ್ಮಲ್ಲಿ ಇದ್ದಾರೆ. ಹಕ್ಕಿ ಕೂಗುವುದು ಜೋಡಿ ಹುಡುಕಲು ಮತ್ತು 'ಇದು ನನ್ನ ಜಾಗ' ಅಂತ ಸಾರಲು. ಅದಕ್ಕೂ ಮನೆಯಲ್ಲಿ ಆಗುವ ಸಾವುನೋವಿಗೂ ಸಂಬಂಧ ಇಲ್ಲ.

ಮೇಕೆ ಹಾಲು ಕದಿಯುವ ಹಕ್ಕಿ?

ಸುಳ್ಳು ಆಪಾದನೆ ಹೊರುವುದು ಈ ಹಕ್ಕಿಯ ಹಣೆಬರಹವೇ ಇರಬೇಕು. ನತ್ತಿಂಗದ ವೈಜ್ಞಾನಿಕ ಹೆಸರು 'ಕ್ಯಾಪ್ರಿಮಲ್ಗಸ್'. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ 'ಮೇಕೆ ಹಾಲು ಕರೆಯುವುದು' ಅಂತ. ರಾತ್ರಿ ದೊಡ್ಡಿಗೆ ನುಗ್ಗಿ ಮೇಕೆ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುತ್ತೆ ಎಂದು ಯುರೋಪಿನ ಜನ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ನಂಬಿದ್ದರು. ಗ್ರೀಸ್‌ನ ಮಹಾ ಪಂಡಿತ ಅರಿಸ್ಟಾಟಲ್ ಕೂಡ ಇದನ್ನು ಬರೆದಿಟ್ಟಿದ್ದಾನೆ. ಅದೇ ಹೆಸರನ್ನು 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಅಧಿಕೃತ ಮಾಡಿದ. ಇವತ್ತಿಗೂ ಹೆಸರು ಬದಲಾಗಿಲ್ಲ.

ನಿಜ ಏನು? ಕುರಿ, ಮೇಕೆ ಮಂದೆ ಇದ್ದ ಕಡೆ ಹುಳ ಜಾಸ್ತಿ. ಗೊಬ್ಬರಕ್ಕೆ ಬರುವ ಹುಳ, ಕಾಲಿನ ತುಳಿತಕ್ಕೆ ಹುಲ್ಲಿನಿಂದ ಏಳುವ ಹುಳ. ಅವನ್ನು ಹಿಡಿಯಲು ನತ್ತಿಂಗ ಮಂದೆಯ ಸುತ್ತ ನೆಲಮಟ್ಟದಲ್ಲಿ ಹಾರಾಡುತ್ತದೆ. ಅಗಲ ಬಾಯಿ ನೋಡಿದವರು ಹಾಲಿನ ಕಥೆ ಕಟ್ಟಿದರು. ಹೊಲದಲ್ಲಿ ಕುರಿ ಮಂದೆ ಬಿಡುವ ನಮ್ಮ ಕಡೆಯ ಕುರಿಗಾಹಿಗಳಿಗೆ ಮಂದೆ ಸುತ್ತ ರಾತ್ರಿ ಹುಳ ಎಷ್ಟಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಊಟ ಏನು? ರೈತರಿಗೆ ಏನು ಲಾಭ?

ನತ್ತಿಂಗದ ಊಟ ಪೂರ್ತಿ ಹುಳವೇ. ರಾತ್ರಿ ಹಾರುವ ಪತಂಗ, ಜೀರುಂಡೆ, ಮಿಡತೆ, ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳ, ಹೀಗೆ. ನೆಲದ ಮೇಲೆ ಕೂತು ಆಕಾಶ ನೋಡುತ್ತಿರುತ್ತದೆ. ಮಂದ ಬೆಳಕಿನ ಆಕಾಶದ ಎದುರು ಹುಳದ ಕಪ್ಪು ನೆರಳು ಕಂಡ ಕೂಡಲೇ ಮೇಲೆದ್ದು ಹಿಡಿದು ವಾಪಸ್ ಬಂದು ಕೂರುತ್ತದೆ.

ಇದಕ್ಕೆ ಚೂರಾದರೂ ಬೆಳಕು ಬೇಕು. ಹಾಗಾಗಿ ನತ್ತಿಂಗದ ಜಾತಿಯ ಹಲವು ಹಕ್ಕಿಗಳು ಬೆಳದಿಂಗಳಲ್ಲಿ ಹೆಚ್ಚು ಹೊತ್ತು ಬೇಟೆಯಾಡುತ್ತವೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಸ್ಸಂಜೆಯ ಒಂದಷ್ಟು ಹೊತ್ತು ಮತ್ತು ನಸುಕಿನಲ್ಲಿ ಮಾತ್ರ ಹೊಟ್ಟೆ ತುಂಬಿಸಿಕೊಳ್ಳಬೇಕಾಗುತ್ತದೆ.

ಈಗ ರೈತರು ಗಮನಿಸಬೇಕಾದ ಮಾತು. ಶೇಂಗಾ ಬೇರು ತಿನ್ನುವ ಗೊಣ್ಣೆ ಹುಳು ಯಾವುದರ ಮರಿ? ಮೊದಲ ಮಳೆಗೆ ಸಂಜೆ ನೆಲದಿಂದ ಎದ್ದು ಬೇವು, ಜಾಲಿಗೆ ಮುತ್ತುವ ದುಂಬಿಯ ಮರಿ. ತೊಗರಿ, ಕಡಲೆಗೆ ಬೀಳುವ ಕಾಯಿಕೊರಕ, ಮೆಕ್ಕೆಜೋಳದ ಸೈನಿಕ ಹುಳು ಇವೆಲ್ಲ ರಾತ್ರಿ ಹಾರುವ ಪತಂಗದ ಮರಿಗಳು. ಹಗಲು ಬೆಳ್ಳಕ್ಕಿ, ಕಾಜಾಣ ಹುಳ ಹಿಡಿಯುವುದನ್ನು ನಾವು ಕಣ್ಣಾರೆ ನೋಡ್ತೀವಿ. ಆದರೆ ತಾಯಿ ಪತಂಗ ಮೊಟ್ಟೆ ಇಡಲು ಹಾರುವುದು ರಾತ್ರಿ ಪಾಳಿಯಲ್ಲಿ. ಆ ಪಾಳಿಯಲ್ಲಿ ಕೆಲಸ ಮಾಡೋದು ಬಾವಲಿ, ಸಣ್ಣ ಗೂಬೆ ಮತ್ತು ನತ್ತಿಂಗ. ನತ್ತಿಂಗ ಒಂದೇ ನಿಮ್ಮ ಬೆಳೆ ಉಳಿಸಿಬಿಡುತ್ತೆ, ಔಷಧಿ ಹೊಡೆಯೋದೇ ಬೇಡ ಅಂತ ಹೇಳಿದರೆ ಸುಳ್ಳಾಗುತ್ತೆ. ಆದರೆ ಸಂಬಳ ಕೇಳದೆ ದುಡಿಯುವ ಆಳು ಒಬ್ಬ ಕಮ್ಮಿಯಾದರೆ ನಷ್ಟ ಯಾರಿಗೆ?

ಗೂಡೇ ಇಲ್ಲದ ಸಂಸಾರ

ನತ್ತಿಂಗ ಗೂಡು ಕಟ್ಟಲ್ಲ. ಒಂದು ಕಡ್ಡಿಯನ್ನೂ ತಂದಿಡಲ್ಲ. ಬರೀ ನೆಲದ ಮೇಲೆ, ತರಗೆಲೆ, ಸಣ್ಣ ಕಲ್ಲಿನ ನಡುವೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ತಿಳಿ ಗುಲಾಬಿ ಬಣ್ಣ, ಮೇಲೆ ಕೆಂಪು ಕಂದು ಮಚ್ಚೆ. ನಮ್ಮ ಕೆಂಪು ನೆಲದಲ್ಲಿ ಅವು ಪಕ್ಕದಲ್ಲೇ ಇದ್ದರೂ ಕಾಣಲ್ಲ. ಮೊಟ್ಟೆ ಇಡುವ ಕಾಲ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ. ಕಾವು ಎರಡು ವಾರಕ್ಕೂ ಮೇಲೆ. ಅಷ್ಟು ದಿನ ಬಿಸಿಲು, ಗಾಳಿ, ನಾಯಿ, ಕುರಿ ಕಾಲು ಎಲ್ಲದರ ನಡುವೆ ಹಕ್ಕಿ ಅಲ್ಲೇ ಕೂತಿರಬೇಕು.

ಅದರ ರಕ್ಷಣೆ ಅಂದರೆ ಮೈಬಣ್ಣ. ಬೂದು, ಕಂದು, ಕಪ್ಪು ಗೆರೆ ಸೇರಿ ಒಣಗಿದ ತೊಗಟೆಯಂತೆ ಕಾಣುತ್ತದೆ. ಆಫ್ರಿಕಾದ ಜಾಂಬಿಯಾ ದೇಶದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ನತ್ತಿಂಗ ಸೇರಿದಂತೆ ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳನ್ನು ಅಧ್ಯಯನ ಮಾಡಿ 2016 ಮತ್ತು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಎರಡು ವಿಷಯ ಗೊತ್ತಾಯಿತು. ಒಂದು, ಸುತ್ತಲಿನ ನೆಲಕ್ಕೆ ಬಣ್ಣ ಹೆಚ್ಚು ಹೊಂದಿಕೊಂಡಷ್ಟೂ ಮೊಟ್ಟೆ ಉಳಿಯುವ ಅವಕಾಶ ಹೆಚ್ಚು. ಎರಡು, ಪ್ರತಿಯೊಂದು ಹಕ್ಕಿಯೂ ತನ್ನ ಸ್ವಂತ ಮೈಬಣ್ಣಕ್ಕೆ ಹೊಂದುವ ಜಾಗವನ್ನೇ ಆರಿಸಿಕೊಳ್ಳುತ್ತದೆ. ನತ್ತಿಂಗ ಕನ್ನಡಿ ನೋಡಿಕೊಂಡಿಲ್ಲ. ಆದರೂ ತಾನು ಎಲ್ಲಿ ಕೂತರೆ ಕಾಣಲ್ಲ ಅನ್ನೋದು ಅದಕ್ಕೆ ಹೇಗೋ ಗೊತ್ತು.

ಯಾರಾದರೂ ತೀರಾ ಹತ್ತಿರ ಬಂದರೆ ಮಾತ್ರ ಕೊನೇ ಗಳಿಗೆಯಲ್ಲಿ ಏಳುತ್ತದೆ. ಕೆಲವೊಮ್ಮೆ ರೆಕ್ಕೆ ಮುರಿದಂತೆ ನಾಟಕ ಆಡುತ್ತಾ ನೆಲದಲ್ಲಿ ಹೊರಳಾಡುತ್ತದೆ. ಬೆನ್ನಟ್ಟಿದ ಪ್ರಾಣಿ ಮೊಟ್ಟೆಯಿಂದ ದೂರ ಹೋದ ಮೇಲೆ ಚಂಗನೆ ಹಾರಿಹೋಗುತ್ತದೆ. ಮರಿಗಳೂ ಅಷ್ಟೇ, ಅಪಾಯ ಅಂದರೆ ನೆಲಕ್ಕೆ ಅಂಟಿಕೊಂಡು ಉಸಿರು ಬಿಗಿಹಿಡಿದು ಕೂರುತ್ತವೆ.

ಉಪಾಯವೇ ಕುತ್ತಾದಾಗ

ಈಗ ರಸ್ತೆ ವಿಷಯಕ್ಕೆ ಬರೋಣ. ನತ್ತಿಂಗ ರಸ್ತೆಗೆ ಬರುವುದಕ್ಕೆ ಎರಡು ಕಾರಣ ಹೇಳ್ತಾರೆ. ಹಗಲೆಲ್ಲ ಕಾದ ಡಾಂಬರು ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ. ಎರಡನೆಯದು, ರಸ್ತೆ ಮೇಲೆ ಗಿಡ ಇಲ್ಲ, ಆಕಾಶ ಪೂರ್ತಿ ಕಾಣುತ್ತೆ, ಹುಳ ಹಿಡಿಯೋದು ಸಲೀಸು. ನೆಲವೇ ಮನೆಯಾದ ಹಕ್ಕಿಗೆ ರಸ್ತೆಯೂ ಒಂದು ಒಳ್ಳೆ ನೆಲ, ಅಷ್ಟೇ.

ಹೆಡ್‌ಲೈಟ್ ಬಿತ್ತು ಅಂದುಕೊಳ್ಳಿ. ಹಕ್ಕಿ ಏನು ಮಾಡುತ್ತೆ? ಲಕ್ಷಾಂತರ ವರ್ಷದಿಂದ ಕಲಿತದ್ದನ್ನೇ ಮಾಡುತ್ತೆ. ಅಲುಗಾಡದೆ ಕೂರುತ್ತೆ. ನರಿ ಬಂದರೆ ಆ ಉಪಾಯ ನಡೆಯುತ್ತೆ, ಯಾಕೆಂದರೆ ನರಿ ಹುಡುಕಿಕೊಂಡು ಬರುತ್ತೆ, ಕಾಣದಿದ್ದರೆ ಮುಂದೆ ಹೋಗುತ್ತೆ. ಟೈರು ಹುಡುಕಿಕೊಂಡು ಬರಲ್ಲ. ಅದಕ್ಕೆ ಹಕ್ಕಿ ಕಂಡರೂ ಒಂದೇ, ಕಾಣದಿದ್ದರೂ ಒಂದೇ.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 35 ಮೀಟರ್ ದೂರದಲ್ಲಿ ಕೆಂಪು ಕಣ್ಣು ಕಂಡಿತು ಅಂದರೆ ಹಕ್ಕಿಗೂ ನಿಮಗೂ ಉಳಿದಿರುವುದು ಎರಡೇ ಸೆಕೆಂಡು. ಅದೇ 40ರಲ್ಲಿ ಹೋಗುತ್ತಿದ್ದರೆ ಮೂರು ಸೆಕೆಂಡಿಗೂ ಹೆಚ್ಚು. ಕೊನೇ ಗಳಿಗೆಯಲ್ಲಿ ಏಳುವ ಹಕ್ಕಿಗೆ ಆ ಒಂದು ಸೆಕೆಂಡೇ ಜೀವ. ಬೈಕ್ ಸವಾರರಿಗೂ ಇದು ಒಳ್ಳೆಯದೇ. ರಾತ್ರಿ ರಸ್ತೆಯಲ್ಲಿ ಎಮ್ಮೆ, ನಾಯಿ, ದೀಪ ಇಲ್ಲದೆ ನಿಂತ ಟ್ರ್ಯಾಕ್ಟರ್ ಎಲ್ಲಕ್ಕೂ ಅದೇ ಒಂದು ಸೆಕೆಂಡು ಬೇಕಾಗುತ್ತೆ.

ಎರಡನೇ ಕುತ್ತು ಬೆಂಕಿ. ಬೇಸಿಗೆ ಬಂತೆಂದರೆ ರಸ್ತೆ ಬದಿ, ಗೋಮಾಳ, ಗುಡ್ಡದ ಹುಲ್ಲಿಗೆ ಕಡ್ಡಿ ಗೀರುವ ಅಭ್ಯಾಸ ಇನ್ನೂ ಹೋಗಿಲ್ಲ. ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತೆ ಅನ್ನೋದು ಲೆಕ್ಕಾಚಾರ. ಆದರೆ ನತ್ತಿಂಗ ಮೊಟ್ಟೆ ಇಡಲು ಶುರು ಮಾಡುವುದೇ ಫೆಬ್ರವರಿಯಲ್ಲಿ. ಮರದ ಮೇಲೆ ಗೂಡು ಇರುವ ಹಕ್ಕಿಗೆ ಹೇಗೋ ಉಳಿಗಾಲ ಇದೆ. ನೆಲದ ಮೇಲಿನ ಮೊಟ್ಟೆಗೆ, ಅಲುಗಾಡದೆ ಕೂರುವ ಮರಿಗೆ ಎಲ್ಲಿದೆ?

ಮೂರನೆಯದು ಜಾಗ. ಕುರುಚಲು ಗಿಡದ ಬಯಲು ಅಂದರೆ ನಮ್ಮ ಬಾಯಲ್ಲಿ 'ಬೀಳು', 'ಖಾಲಿ ಜಾಗ'. ಸರ್ಕಾರದ ಬಂಜರು ಭೂಮಿ ನಕಾಶೆಯಲ್ಲೂ ಕುರುಚಲು ನೆಲ ಬಂಜರು ಪಟ್ಟಿಗೇ ಸೇರಿದೆ. ಖಾಲಿ ಅಂದ ಮೇಲೆ ಲೇಔಟ್, ಕ್ವಾರಿ, ಕಸ ಸುರಿಯುವುದು ಎಲ್ಲಕ್ಕೂ ಮೊದಲು ನೆನಪಾಗುವುದು ಅದೇ. ಆದರೆ ಅದು ಖಾಲಿ ಇಲ್ಲ. ನತ್ತಿಂಗ, ಗೌಜಲಹಕ್ಕಿ, ಮೊಲ, ನರಿ, ತೋಳ ಎಲ್ಲ ಬದುಕುವುದು ಅಲ್ಲೇ. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಇದೇ ಥರದ ಕುರುಚಲು ಕಾಡನ್ನು ಚಿಂಕಾರ ಜಿಂಕೆಗಾಗಿ 2019ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಲಾಯಿತು. ಅಂದರೆ ಮುಳ್ಳು ಗಿಡದ ಬಯಲಿಗೂ ಬೆಲೆ ಇದೆ ಅಂತ ಸರ್ಕಾರವೇ ಒಪ್ಪಿದಂತಾಯಿತು.

ಕಡಪದ ಪಾಠ

'ಎಲ್ಲಿ ಹೋಗುತ್ತೆ ಬಿಡಿ, ಬೇಕಾದಷ್ಟು ಇದಾವೆ' ಅನ್ನಬಹುದು. ಸದ್ಯಕ್ಕೆ ಅದು ನಿಜ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಭಾರತೀಯ ನತ್ತಿಂಗಕ್ಕೆ ಅಳಿವಿನ ಭೀತಿ ಇಲ್ಲ ಅಂತಲೇ ಇದೆ. ಆದರೆ ಆಂಧ್ರದಲ್ಲಿ ನಡೆದದ್ದನ್ನು ಒಮ್ಮೆ ಕೇಳಿ.

ಅಲ್ಲಿ ಕಲಿವಿ ಕೋಡಿ ಅಂತ ಒಂದು ಹಕ್ಕಿ. ಇಂಗ್ಲಿಷ್ ಹೆಸರು ಜೆರ್ಡಾನ್ಸ್ ಕೋರ್ಸರ್. ನತ್ತಿಂಗದ ಜಾತಿಯಲ್ಲ, ಆದರೆ ಬದುಕು ಹತ್ತಿರಹತ್ತಿರ ಒಂದೇ: ಕುರುಚಲು ಕಾಡಿನ ನೆಲದಲ್ಲಿ ವಾಸ, ರಾತ್ರಿ ಓಡಾಟ. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಹಕ್ಕಿ ಪೆನ್ನಾರ್, ಗೋದಾವರಿ ಕಣಿವೆಗಳಲ್ಲಿತ್ತು. 1900ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ನಿರ್ನಾಮವೇ ಆಯಿತು ಅಂದುಕೊಂಡಿದ್ದರು. 86 ವರ್ಷ ಕಳೆದ ಮೇಲೆ, 1986ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ತಂಡ ಸ್ಥಳೀಯರ ನೆರವಿನಿಂದ ಕಡಪ ಜಿಲ್ಲೆಯ ಲಂಕಮಲ ಬೆಟ್ಟದ ಬಳಿ ಅದನ್ನು ಮತ್ತೆ ಕಂಡುಕೊಂಡಿತು. ಆಮೇಲೆ ಅಲ್ಲಿ ಅಭಯಾರಣ್ಯ ಬಂತು. ಆದರೂ ಹಕ್ಕಿ ಇವತ್ತಿಗೂ ಅಳಿವಿನ ಅಂಚಿನಲ್ಲೇ ಇದೆ.

ಹಗಲು ಓಡಾಡುವ ನವಿಲು ಕಮ್ಮಿಯಾದರೆ ಊರಿಗೆಲ್ಲ ಗೊತ್ತಾಗುತ್ತೆ. ರಾತ್ರಿಯ ಹಕ್ಕಿ ಹೋದರೆ ಯಾರಿಗೂ ಗೊತ್ತಾಗಲ್ಲ. ಕಾಣದೆ ಬದುಕಿದ್ದು ಕಾಣದೆಯೇ ಹೋಗುತ್ತೆ. ಅದಕ್ಕೇ 'ಬೇಕಾದಷ್ಟು ಇದಾವೆ' ಅನ್ನೋ ಈ ಕಾಲದಲ್ಲೇ ಕಣ್ಣಿಡಬೇಕು.

ನಾವು ಮಾಡಬಹುದಾದ್ದು ಏನು?

* ಸಂಜೆ ಏಳರ ಮೇಲೆ ಬೀಳು, ಕಾವಲು, ಕೆರೆ ಅಂಗಳದ ಪಕ್ಕದ ರಸ್ತೆಯಲ್ಲಿ ವೇಗ 40ಕ್ಕೆ ಇಳಿಸಿ. ಕೆಂಪು ಚುಕ್ಕಿ ಕಂಡರೆ ಇನ್ನೂ ನಿಧಾನಿಸಿ, ಒಮ್ಮೆ ಡಿಪ್ ಮಾಡಿ, ಹಾರ್ನ್ ಕೊಡಿ. ಹಕ್ಕಿ ತಪ್ಪಿಸಲು ಹೋಗಿ ಹ್ಯಾಂಡಲ್ ಎಳೆದು ನೀವು ಬೀಳಬೇಡಿ.
* ಹುಲ್ಲಿಗೆ ಬೆಂಕಿ ಹಾಕಬೇಡಿ. ಬೇರೆಯವರು ಹಾಕಿದ್ದು ಕಂಡರೆ ಅರಣ್ಯ ಇಲಾಖೆ ಅಥವಾ ಅಗ್ನಿಶಾಮಕ ದಳಕ್ಕೆ ತಿಳಿಸಿ.
* ಹೊಲದಲ್ಲಿ ಹಕ್ಕಿ ಕಾಲ ಬಳಿಯಿಂದಲೇ ಎದ್ದು ಹಾರಿದರೆ ಅಲ್ಲೇ ನಿಂತು ನೆಲ ನೋಡಿ. ಮೊಟ್ಟೆ ಇದ್ದರೆ ಮುಟ್ಟದೆ, ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ಆ ಎರಡು ಅಡಿ ಜಾಗವನ್ನು ಮರಿಗಳು ಹೋಗುವವರೆಗೆ ಉಳುಮೆಯಿಂದ ಬಿಡಿ.
* ಹಿಡಿಯುವುದು, ಕೊಲ್ಲುವುದು, ಮೊಟ್ಟೆ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮೊಬೈಲ್‌ನಲ್ಲಿ ಫೋಟೋ ತೆಗೆಯಲು ಮೊಟ್ಟೆ ಮೇಲೆ ಕೂತ ಹಕ್ಕಿಯನ್ನು ಎಬ್ಬಿಸುವುದೂ ಬೇಡ.
* ಮನೆಯಲ್ಲಿ ಮಕ್ಕಳಿಗೆ ಆ ಗೋಲಿ ಸದ್ದು ಕೇಳಿಸಿ, ಹೆಸರು ಹೇಳಿಕೊಡಿ. ಹೆಸರು ಗೊತ್ತಿದ್ದರೆ ಭಯ ಅರ್ಧ ಕಮ್ಮಿ.

ಇವತ್ತು ಅಂಗಡಿ ಬಾಗಿಲು ಹಾಕಿ ಹೊರಟಾಗ ದಾರಿಯಲ್ಲಿ ಒಂದೆರಡು ನಿಮಿಷ ಗಾಡಿ ಆಫ್ ಮಾಡಿ ನಿಲ್ಲಿ. ಕತ್ತಲಿಂದ 'ಚಕ್, ಚಕ್, ಚಕ್-ಚಕ್-ರ್ರ್ರ್' ಅಂತ ಬಂದರೆ ನಿಮ್ಮೂರ ಬೀಳಿನಲ್ಲಿ ರಾತ್ರಿ ಪಾಳಿಯವರು ಇನ್ನೂ ಕೆಲಸದಲ್ಲಿದ್ದಾರೆ ಅಂತ ಲೆಕ್ಕ. ನಿಮ್ಮ ಊರಲ್ಲಿ ಈ ಹಕ್ಕಿಗೆ ಬೇರೆ ಏನಾದರೂ ಹೆಸರಿದ್ದರೆ ನಮಗೂ ತಿಳಿಸಿ. ಹಿರಿಯರ ಬಾಯಲ್ಲಿ ಉಳಿದಿರುವ ಆ ಹೆಸರುಗಳನ್ನು ಬರೆದಿಡುವ ಕೆಲಸವೂ ಆಗಬೇಕಿದೆ.